ಅಳತೆಗೋಲು ಯಾರ ಕೈಯಲ್ಲಿದೆ?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಊರಿನ ದಾನಿಯೊಬ್ಬರು ಓದುವ ಮೂಲೆಗೆಂದು 6,000 ರೂಪಾಯಿ ಕೊಟ್ಟಿದ್ದಾರೆ. ವಿಜ್ಞಾನ, ಮಳೆ-ಗಾಳಿ, ಗ್ರಹ-ನಕ್ಷತ್ರಗಳ ಪುಸ್ತಕ ತರುವ ಆಸೆ. ನಮ್ಮಲ್ಲಿ ತಾಂಡಾದ ಮಕ್ಕಳಿದ್ದಾರೆ, ಗುಳೆ ಹೋಗಿ ಬರುವ ಮನೆಗಳ ಮಕ್ಕಳಿದ್ದಾರೆ, ನಾಲ್ಕನೇ ತರಗತಿಯಲ್ಲಿ ಕಣ್ಣು ಮಂದವಾಗಿರುವ ಒಬ್ಬ ಹುಡುಗಿ ಇದ್ದಾಳೆ. ಎಲ್ಲರಿಗೂ ‘ಇದು ನಮ್ಮ ಪುಸ್ತಕ’ ಅನ್ನಿಸಬೇಕು. ಅಂಗಡಿಯಲ್ಲಿ ನೋಡಿದರೆ ಬಿಳಿ ಕೋಟಿನ ಗಂಡಸು, ಹಿಮದ ಬೊಂಬೆ, ಇಷ್ಟೇ. ಹೇಗೆ ಆರಿಸಲಿ?

ಉತ್ತರ: ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಮಕ್ಕಳಿಗೆ ಒಂದೊಂದು ಖಾಲಿ ಹಾಳೆ ಕೊಟ್ಟು ‘ವಿಜ್ಞಾನಿಯ ಚಿತ್ರ ಬರೀರಿ’ ಅನ್ನಿ. ಬೇರೇನೂ ಹೇಳಬೇಡಿ. ಡೇವಿಡ್ ಚೇಂಬರ್ಸ್ ಎಂಬ ಸಂಶೋಧಕರು 1966ರಿಂದ 1977ರವರೆಗೆ 4,807 ಮಕ್ಕಳಿಂದ ಹೀಗೆಯೇ ಬರೆಸಿ, 1983ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಣ್ಣು ವಿಜ್ಞಾನಿ ಇದ್ದದ್ದು 28 ಚಿತ್ರಗಳಲ್ಲಿ. ಆ 28ನ್ನೂ ಬರೆದವರು ಹುಡುಗಿಯರು. ಒಬ್ಬ ಹುಡುಗನಿಗೂ ಹೆಂಗಸು ಹೊಳೆದಿರಲಿಲ್ಲ. ಅಮೆರಿಕದಲ್ಲಿ ಐದು ದಶಕ ನಡೆದ ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವರದಿಯೊಂದು 2018ರಲ್ಲಿ ಬಂತು. 1980ರ ದಶಕದಿಂದೀಚಿನ ಚಿತ್ರಗಳಲ್ಲಿ ಹೆಂಗಸರ ಪಾಲು ಸರಾಸರಿ ಶೇ 28ಕ್ಕೆ ಏರಿತ್ತು. ಅದೇ ವರದಿಯ ಇನ್ನೊಂದು ಮಾತು ನಿಮಗೆ ನೇರವಾಗಿ ಸಂಬಂಧಿಸಿದ್ದು: 5-6 ವರ್ಷದ ಮಕ್ಕಳು ಗಂಡಸು, ಹೆಂಗಸು ಇಬ್ಬರನ್ನೂ ಹೆಚ್ಚುಕಡಿಮೆ ಸಮವಾಗಿ ಬರೆಯುತ್ತಾರೆ; 7-8ಕ್ಕೆ ಬರುವಷ್ಟರಲ್ಲಿ ಚಿತ್ರ ಗಂಡಸಿನ ಕಡೆ ವಾಲಿರುತ್ತದೆ. ಅಂದರೆ ಈ ತಿರುವು ನಡೆಯುವುದು ನಿಮ್ಮ ಒಂದರಿಂದ ಮೂರನೇ ತರಗತಿಯ ಚಾಪೆಯ ಮೇಲೆಯೇ. ನಿಮ್ಮ ಮಕ್ಕಳ ಚಿತ್ರಗಳಿಗೆ ದಿನಾಂಕ ಹಾಕಿ ಎತ್ತಿಡಿ. ಬರುವ ವರ್ಷ ಅದೇ ತಿಂಗಳು ಮತ್ತೆ ಬರೆಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಇನ್ನು ಆರಿಸುವ ಮಾತು. ಇಪ್ಪತ್ತೆರಡು ವರ್ಷಗಳಿಂದ ಹಳ್ಳಿ ಶಾಲೆಗಳಿಗೆ ಪುಸ್ತಕ ಆರಿಸಿಕೊಡುತ್ತಿದ್ದೇನೆ. ಶುರುವಿನಲ್ಲಿ ನಾನು ಮುಖಪುಟದ ಮುಖಗಳನ್ನು ಎಣಿಸುತ್ತಿದ್ದೆ. ಹುಡುಗಿ ಇದ್ದಾಳೆಯೇ, ಕಪ್ಪು ಮೈಬಣ್ಣದ ಮಗು ಇದೆಯೇ, ಗಾಲಿಕುರ್ಚಿಯ ಹುಡುಗ ಇದ್ದಾನೆಯೇ? ಎಲ್ಲರೂ ಇದ್ದರೆ ಪುಸ್ತಕ ಚೀಲಕ್ಕೆ. ಅಂಥದ್ದೇ ಒಂದು ಪುಸ್ತಕವನ್ನು ಮೂರನೇ ತರಗತಿಯಲ್ಲಿ ಓದುತ್ತಿದ್ದಾಗ ಒಬ್ಬ ಹುಡುಗಿ ಬೆರಳಿಟ್ಟು ಕೇಳಿದಳು: ‘ಇವರ ಪಾಳಿ ಯಾವಾಗ ಬರ್ತೈತ್ರಿ?’ ನೋಡಿದೆ. ಪುಸ್ತಕದ ಉದ್ದಕ್ಕೂ ದೂರದರ್ಶಕಕ್ಕೆ ಕಣ್ಣಿಟ್ಟವನು ಒಬ್ಬನೇ ಹುಡುಗ. ಉಳಿದ ನಾಲ್ವರು ಅವನ ಹಿಂದೆ ನಿಂತು, ಬಾಯಿ ತೆರೆದು ಬೆರಗಾಗುವುದಕ್ಕೆ ಮಾತ್ರ ಇದ್ದರು.

ಅಂದಿನಿಂದ ನಾನು ಮಾಡುವ ಪರೀಕ್ಷೆ ಇದು, ನೀವೂ ಮಾಡಿ. ಅಂಗಡಿಯಲ್ಲೇ ನಿಂತು ಪುಟದ ಅಕ್ಷರಗಳನ್ನು ಅಂಗೈಯಿಂದ ಮುಚ್ಚಿ, ಚಿತ್ರ ಮಾತ್ರ ನೋಡಿ. ಥರ್ಮಾಮೀಟರ್ ಹಿಡಿದವರು ಯಾರು? ಎಣಿಸುವವರು, ಬರೆದಿಡುವವರು, ಕೊನೆಗೆ ‘ಹೀಗಲ್ಲ, ಹೀಗೆ’ ಎಂದು ಕಂಡುಕೊಳ್ಳುವವರು ಯಾರು? ಆಮೇಲೆ ಅಕ್ಷರ ಓದಿ: ಪ್ರಶ್ನೆ ಕೇಳುವುದು ಯಾರು, ಉತ್ತರ ಹೇಳುವುದು ಯಾರು? ಅಜ್ಜ ಗ್ರಹಣ ವಿವರಿಸುತ್ತಾನೆ, ಅಜ್ಜಿ ಕೋಡುಬಳೆ ಕೊಡುತ್ತಾಳೆ. ಅಣ್ಣ ರಾಕೆಟ್ ಮಾಡುತ್ತಾನೆ, ತಂಗಿ ಚಪ್ಪಾಳೆ ತಟ್ಟುತ್ತಾಳೆ. ಇಂಥವನ್ನು ಚಿತ್ರ ಎಷ್ಟೇ ಚೆನ್ನಾಗಿರಲಿ, ವಾಪಸ್ ಇಡಿ.

ಸರಿಯಾದದ್ದು ಹೇಗಿರುತ್ತದೆ ಎಂಬುದಕ್ಕೆ ಹೊರಗಿನ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದಲ್ಲಿ 1965ರಲ್ಲಿ ನ್ಯಾನ್ಸಿ ಲ್ಯಾರಿಕ್ ಎಂಬವರು ಹಿಂದಿನ ಮೂರು ವರ್ಷಗಳಲ್ಲಿ ಬಂದ 5,206 ಮಕ್ಕಳ ಪುಸ್ತಕಗಳ ಲೆಕ್ಕ ತೆಗೆದರು. ಕಪ್ಪು ಜನ ಒಬ್ಬರಾದರೂ ಕಾಣಿಸಿಕೊಂಡಿದ್ದು ಶೇ 6.7ರಷ್ಟರಲ್ಲಿ. ಅವರ ಲೇಖನ ಶುರುವಾಗುವುದು ಶಿಶುವಿಹಾರದ ಐದು ವರ್ಷದ ಕಪ್ಪು ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯಿಂದ: ಪುಸ್ತಕದಲ್ಲಿ ಯಾವಾಗಲೂ ಬಿಳಿಯ ಮಕ್ಕಳೇ ಯಾಕೆ? ಅದೇ ಕಾಲಕ್ಕೆ, 1962ರಲ್ಲಿ, ಎಜ್ರಾ ಜ್ಯಾಕ್ ಕೀಟ್ಸ್ ಅವರ ‘ದಿ ಸ್ನೋಯಿ ಡೇ’ ಬಂದಿತ್ತು. ಪೀಟರ್ ಎಂಬ ಕಪ್ಪು ಹುಡುಗ ಹಿಮ ಬಿದ್ದ ದಿನ ಹೊರಗೆ ಆಡಿ ಬರುವ ಕಥೆ. ಅವನ ಬಣ್ಣದ ಬಗ್ಗೆ ಪುಸ್ತಕ ಒಂದು ಮಾತೂ ಆಡುವುದಿಲ್ಲ. ಅವನು ಹಿಮದ ಉಂಡೆಯೊಂದನ್ನು ನಾಳೆಗೆಂದು ಜೇಬಿನಲ್ಲಿಟ್ಟು ಮನೆಯೊಳಗೆ ಬರುತ್ತಾನೆ. ಮಲಗುವ ಮುಂಚೆ ಜೇಬು ನೋಡಿದರೆ ಉಂಡೆ ಇಲ್ಲ. ಘನ ದ್ರವವಾಗುವ ಪಾಠ ಅಲ್ಲಿಗೆ ಮುಗಿಯಿತು, ‘ಕರಗುವ ಬಿಂದು’ ಎಂಬ ಪದವೇ ಇಲ್ಲದೆ. ಆ ಜೇಬಿಗೆ ಕೈ ಹಾಕುವವನು ಪೀಟರ್, ಬೇರೆ ಯಾರೂ ಅಲ್ಲ. ನಾನು ಹುಡುಕಿ ಎನ್ನುವುದು ಇದನ್ನೇ.

ಆದರೆ ಆ ಪುಸ್ತಕವನ್ನೇ ತಂದು ನಿಮ್ಮ ಮಕ್ಕಳ ಮುಂದಿಟ್ಟರೆ ಕೆಲಸ ಆಗುತ್ತದೆಯೇ? ಹಿಮದ ಪುಸ್ತಕವೊಂದನ್ನು ನಾನು ಹತ್ತಿ ಬೆಳೆಯುವ ಸೀಮೆಯಲ್ಲಿ ಓದಿದ್ದೆ. ನಾನು ಹಿಮ ಹಿಮ ಅಂತ ಹೇಳುತ್ತಲೇ ಇದ್ದೆ. ಬಿಡಿಸಿದ ಹತ್ತಿ ಅಂಗಳದ ತುಂಬ ಬಿದ್ದಿದೆ ಎಂದೇ ಮಕ್ಕಳು ಕೊನೆಯವರೆಗೂ ಚಿತ್ರ ನೋಡಿದರು. ಅವರದೇ ಏಪ್ರಿಲ್ ತಿಂಗಳ ಆಲಿಕಲ್ಲು ಮಳೆಯಿಂದ ಶುರು ಮಾಡಿದ್ದರೆ ಪೀಟರನ ಜೇಬು ತಾನಾಗಿ ಅರ್ಥವಾಗುತ್ತಿತ್ತು. ಆಲಿಕಲ್ಲನ್ನು ಬಟ್ಟಲಲ್ಲಿ ಹಿಡಿಯದ ಮಗು ನಮ್ಮಲ್ಲಿಲ್ಲ. ಅದನ್ನು ಎರಡಾಗಿ ಸೀಳಿದರೆ ಒಳಗೆ ಉಳ್ಳಾಗಡ್ಡಿಯ ಹಾಗೆ ಸುತ್ತುಗಳು ಕಾಣುತ್ತವೆ. ಮೋಡದೊಳಗೆ ಒಂದರ ಮೇಲೊಂದು ಮಂಜುಗಡ್ಡೆಯ ಪದರ ಕಟ್ಟಿಕೊಂಡು ಅದು ಬೆಳೆದ ಗುರುತು ಅದು.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಎಲ್ಲ ಥರದ ಜನ ಇರಬೇಕು ಎನ್ನುವವರು ಕೂಡ ಎಲ್ಲ ಥರದ ಹವೆಯೂ ಇರಬೇಕು ಎನ್ನುವುದನ್ನು ಮರೆಯುತ್ತಾರೆ. ಹುಡುಗಿಗೆ ಲಂಗ ತೊಡಿಸಿ, ಹೆಸರು ಗೀತಾ ಎಂದಿಟ್ಟು, ಅವಳನ್ನು ಎಲೆ ಉದುರುವ ‘ಆಟಮ್’ನಲ್ಲಿ ನಿಲ್ಲಿಸಿದರೆ ಅವಳು ನಮ್ಮವಳಾಗುವುದಿಲ್ಲ. ನಮ್ಮ ವರ್ಷ ಬೇಸಿಗೆ, ಮಳೆಗಾಲ, ಚಳಿಗಾಲದ್ದು. ಮಳೆಯನ್ನು ‘ಹೋಗು’ ಎನ್ನುವ ಶಿಶುಗೀತೆ ಇಂಗ್ಲೆಂಡಿನದು. ನಿಮ್ಮ ಸೀಮೆಯಲ್ಲಿ ಗುರ್ಜಿ ಹೊತ್ತು ಮನೆಮನೆ ತಿರುಗಿ ಮಳೆಯನ್ನು ಕರೆಯುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,500 ಮಿ.ಮೀ. ಮಳೆ ಬಿದ್ದರೆ ಚಳ್ಳಕೆರೆಯಲ್ಲಿ 500ರ ಆಸುಪಾಸು. ಪಶ್ಚಿಮ ಘಟ್ಟ ಏರುವಾಗಲೇ ಗಾಳಿ ನೀರಿಳಿಸಿಬಿಡುತ್ತದೆ. ನಿಮ್ಮ ಊರು ಆ ಗೋಡೆಯ ಆಚೆ ಬದಿಗಿದೆ. ಇದನ್ನು ಹೇಳುವ ಪುಸ್ತಕದಲ್ಲಿ ನಿಮ್ಮ ಮಕ್ಕಳ ಅಪ್ಪ-ಅಮ್ಮ ಗುಳೆ ಹೋಗುವುದರ ಒಂದು ಕಾರಣವೂ ಇರುತ್ತದೆ. ಅದು ಅವರ ವಿಜ್ಞಾನ.

ಮಳೆ ಮತ್ತು ಆಕಾಶ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಜನ ನಾವು. ಮೃಗಶಿರಾ ಮಳೆ, ಆರಿದ್ರಾ ಮಳೆ, ಮಘೆ ಮಳೆ ಎಂದರೆ ಸೂರ್ಯ ಆ ನಕ್ಷತ್ರದ ನೇರಕ್ಕಿರುವ 13-14 ದಿನಗಳ ಮಳೆ. ಮೃಗಶಿರಾ ಜೂನ್ 8ರ ಸುಮಾರಿಗೆ ಹೂಡುತ್ತದೆ, ಆರಿದ್ರಾ 22ರ ಸುಮಾರಿಗೆ. ಆರಿದ್ರಾ ಮಳೆಯಲ್ಲಿ ಆರಿದ್ರಾ ನಕ್ಷತ್ರ ಮಾತ್ರ ಕಾಣುವುದಿಲ್ಲ, ಯಾಕೆಂದರೆ ಅದು ಸೂರ್ಯನ ಜೊತೆ ಹಗಲಲ್ಲೇ ಹುಟ್ಟಿ ಮುಳುಗುತ್ತಿರುತ್ತದೆ. ಜನವರಿಯ ಸಂಜೆ ಪೂರ್ವಕ್ಕೆ ನೋಡಿದರೆ ಕೆಂಪಗೆ ಹೊಳೆಯುತ್ತಿರುತ್ತದೆ. ‘ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ’ ಎಂದು ಹೇಳುವ ಅಜ್ಜಿ ಕಥೆಯಲ್ಲಿದ್ದರೆ ಅವಳ ಬಾಯಲ್ಲಿ ಬರಿಯ ಗಾದೆ ಇದ್ದರೆ ಸಾಲದು. ಅವಳು ಪಂಚಾಂಗದ ಲೆಕ್ಕ ಬಲ್ಲವಳಾಗಿ ಕಾಣಬೇಕು. ಜೊತೆಗೆ ಪುಸ್ತಕ ಇನ್ನೊಂದನ್ನೂ ಹೇಳಬೇಕು: ನಕ್ಷತ್ರ ದಿನ ಗುರುತಿಸಲಿಕ್ಕೆ, ಮಳೆ ತರುವುದು ಕಡಲ ಮೇಲಿಂದ ಬರುವ ಮುಂಗಾರು ಗಾಳಿ. ಎರಡರಲ್ಲಿ ಒಂದನ್ನು ಬಿಟ್ಟ ಪುಸ್ತಕ ಅರ್ಧ ಪುಸ್ತಕ.

ಚಿತ್ರದ ಆಕಾಶವನ್ನೂ ಹೀಗೆಯೇ ಪರೀಕ್ಷಿಸಿ. ಉತ್ತರದ ದೇಶಗಳಲ್ಲಿ ಬರೆದ ಪುಸ್ತಕಗಳಲ್ಲಿ ಸಂಜೆಯ ಎಳೆ ಚಂದ್ರ ಕುಡುಗೋಲಿನ ಹಾಗೆ ನೆಟ್ಟಗೆ ನಿಂತಿರುತ್ತಾನೆ. ಯುಗಾದಿಯ ಮರುದಿನ ನಾವು ನೋಡಿ ಕೈಮುಗಿಯುವ ಚಂದ್ರ ದೋಣಿಯ ಹಾಗೆ ಮಲಗಿರುತ್ತಾನೆ. ಎರಡೂ ನಿಜ, ನಿಂತ ನೆಲ ಬೇರೆ ಅಷ್ಟೇ. ಧ್ರುವ ನಕ್ಷತ್ರವೂ ಹಾಗೆ: ನಾರ್ವೆಯವರಿಗೆ ಬಹಳ ಎತ್ತರದಲ್ಲಿ, ಕೊಪ್ಪಳದವರಿಗೆ ಕ್ಷಿತಿಜದಿಂದ 15 ಡಿಗ್ರಿ ಮಾತ್ರ ಮೇಲೆ. ಕೈ ಚಾಚಿ ಒಂದೂವರೆ ಮುಷ್ಟಿ ಅಳೆದರೆ ಅಲ್ಲಿಗೆ ಸರಿಹೋಗುತ್ತದೆ. ಒಂದೇ ಚುಕ್ಕಿಗಳಿಗೆ ಜನ ಬೇರೆ ಬೇರೆ ಹೆಸರಿಟ್ಟಿದ್ದನ್ನು ತೋರಿಸುವ ಪುಸ್ತಕ ಸಿಕ್ಕರೆ ಬಿಡಬೇಡಿ. ನಮ್ಮ ಕೃತ್ತಿಕೆ ಜಪಾನಿನಲ್ಲಿ ಸುಬಾರು, ನ್ಯೂಜಿಲೆಂಡಿನ ಮಾವೊರಿಗಳಿಗೆ ಮತಾರಿಕಿ. 2022ರಿಂದ ಅಲ್ಲಿ ಆ ಹೆಸರಿನಲ್ಲಿ ಸರ್ಕಾರಿ ರಜೆಯೇ ಇದೆ. ನಾವು ಸಪ್ತರ್ಷಿಗಳೆನ್ನುವ ಏಳು ಚುಕ್ಕಿಗಳಲ್ಲಿ ಮಧ್ಯ ಭಾರತದ ಗೊಂಡರು ನಾಲ್ಕನ್ನು ಮಂಚ ಮಾಡಿ, ಉಳಿದ ಮೂರನ್ನು ಅದನ್ನು ಕದಿಯಲು ಬಂದ ಕಳ್ಳರು ಎನ್ನುತ್ತಾರೆ. ಇದನ್ನು ಹೇಳಿದ ಮೇಲೆ ತಾಂಡಾದ ಮಕ್ಕಳನ್ನು ಕೇಳಿ, ನಿಮ್ಮ ಅಜ್ಜಿ ಇವಕ್ಕೆ ಏನಂತಾಳೆ ಅಂತ. ಕೇಳಿ ಬರೆದುಕೊಳ್ಳಿ.

ಈಗ ಒಂದು ಪುಸ್ತಕದ ಹೆಸರು ಹೇಳಲೇಬೇಕು. ಬೆಂಗಳೂರಿನ ಪ್ರಥಮ್ ಬುಕ್ಸ್ ಹವಾಮಾನ ವಿಜ್ಞಾನಿ ಅನ್ನಾ ಮಣಿ ಅವರ ಮೇಲೆ ಒಂದು ಚಿತ್ರಪುಸ್ತಕ ತಂದಿದೆ. ಬರೆದವರು ನಂದಿತಾ ಜಯರಾಜ್, ಚಿತ್ರ ಪ್ರಿಯಾ ಕುರಿಯನ್ ಅವರದು. ನಿಮ್ಮ ಪಟ್ಟಿಯಲ್ಲಿ ಮೊದಲನೆಯದು ಇದೇ ಇರಲಿ. ಅನ್ನಾ ಮಣಿ 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಹುಟ್ಟಿದವರು. ಎಂಟನೇ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಲು ಬಂದರೆ, ಓಲೆ ಬೇಡ, ವಿಶ್ವಕೋಶ ಕೊಡಿಸಿ ಎಂದ ಹುಡುಗಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯದ ಬೆಳಕನ್ನು ಅಧ್ಯಯನ ಮಾಡಿದರು. (ಓಲೆ ಬೇಡವೆಂದವರ ಕೈಗೆ ವಜ್ರ ಕೊನೆಗೂ ಬಂತು, ಅಳೆಯಲಿಕ್ಕೆ. ಈ ಜಾಗದಲ್ಲಿ ಮಕ್ಕಳು ಪ್ರತಿ ಸಲ ನಗುತ್ತಾರೆ.) ಸ್ನಾತಕೋತ್ತರ ಪದವಿ ಇಲ್ಲವೆಂಬ ಕಾರಣಕ್ಕೆ ಅವರ ಪ್ರಬಂಧಕ್ಕೆ ಪಿಎಚ್.ಡಿ. ಸಿಗಲಿಲ್ಲ. 1945ರಲ್ಲಿ ಲಂಡನ್ನಿಗೆ ಹೋಗಿ ಹವಾಮಾನದ ಉಪಕರಣಗಳನ್ನು ಕಲಿತು, 1948ರಲ್ಲಿ ಮರಳಿ ಪುಣೆಯಲ್ಲಿ ಹವಾಮಾನ ಇಲಾಖೆ ಸೇರಿದರು. ಆಗ ಮಳೆ-ಗಾಳಿ ಅಳೆಯುವ ಉಪಕರಣಗಳೆಲ್ಲ ಹೊರದೇಶದಿಂದ ಬರಬೇಕಿತ್ತು. ಇಲ್ಲೇ ಮಾಡಿಕೊಳ್ಳಲು ಸುಮಾರು 100 ಉಪಕರಣಗಳ ನಕ್ಷೆಗಳನ್ನು ಅವರು ಸಿದ್ಧಪಡಿಸಿದರು. ಬಿಸಿಲು ಎಲ್ಲೆಲ್ಲಿ ಎಷ್ಟು, ಗಾಳಿ ಎಲ್ಲೆಲ್ಲಿ ಎಷ್ಟು ಎಂದು ದೇಶಕ್ಕೆ ಲೆಕ್ಕ ಕೊಟ್ಟವರು ಅವರು. ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ಗಾಳಿಯ ವೇಗ ಮತ್ತು ಬಿಸಿಲನ್ನು ಅಳೆಯುವ ಉಪಕರಣಗಳ ಕಾರ್ಯಾಗಾರ ನಡೆಸಿದರು. ಗದಗ, ಕೊಪ್ಪಳದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನೋಡಿ ಬೆಳೆಯುತ್ತಿರುವ ನಿಮ್ಮ ಮಕ್ಕಳಿಗೆ ಈ ಕಥೆ ದೂರದ್ದಲ್ಲ.

ಇಂಥ ಜೀವನಕಥೆಗಳ ಬಗ್ಗೆ ಒಂದು ಎಚ್ಚರ. ಶೆಲ್ಫ್ ತುಂಬ ‘ಮಹಾನ್ ಮಹಿಳೆಯರು’ ಇಟ್ಟರೆ, ವಿಜ್ಞಾನ ಮಾಡಲು ಹುಡುಗ ಸುಮ್ಮನೆ ಹುಡುಗನಾಗಿದ್ದರೆ ಸಾಕು, ಹುಡುಗಿ ಮಾತ್ರ ಮಹಾನ್ ಆಗಿರಬೇಕು ಎಂಬ ಪಾಠ ಮಕ್ಕಳಿಗೆ ಗೊತ್ತಿಲ್ಲದೆಯೇ ಹೋಗುತ್ತದೆ. ಅಂಗವಿಕಲ ಮಕ್ಕಳ ಕಥೆಗಳಲ್ಲೂ ಇದೇ ತೊಂದರೆ: ಅವರು ಕಷ್ಟವನ್ನು ಗೆಲ್ಲುವುದಕ್ಕೆ ಮಾತ್ರ ಪುಸ್ತಕದೊಳಗೆ ಬರುತ್ತಾರೆ. ಆದ್ದರಿಂದ ಒಂದು ಅನ್ನಾ ಮಣಿ ಕಥೆಗೆ ಮೂರಾದರೂ ಸಾಮಾನ್ಯ ಮಕ್ಕಳ ಕಥೆ ಇರಲಿ. ಇರುವೆಯ ಸಾಲಿನ ಹಿಂದೆ ಹೋಗುವವರು, ನೆರಳು ಅಳೆಯುವವರು, ತಪ್ಪು ಊಹೆ ಮಾಡಿ ತಿದ್ದಿಕೊಳ್ಳುವವರು. ಅವರ ಹೆಸರುಗಳನ್ನೂ ನೋಡಿ. ರಾಜು, ರವಿ, ಗೀತಾ ಬೇಕಾದಷ್ಟು ಆಗಿದ್ದಾರೆ. ಹುಲಿಗೆಮ್ಮ, ಮಾಬೂಬಿ, ಸೀತಾಬಾಯಿ, ಮರಿಯಪ್ಪ ಎಂಬ ಹೆಸರಿನ ಮಕ್ಕಳು ಭೂತಗನ್ನಡಿ ಹಿಡಿದಿರುವ ಪುಸ್ತಕ ಎಷ್ಟಿವೆ? ಪ್ರಾಣಿಗಳೇ ಪಾತ್ರಗಳಾದ ಪುಸ್ತಕಗಳನ್ನು ‘ಎಲ್ಲರಿಗೂ ಸಲ್ಲುತ್ತದೆ’ ಎಂದು ಮಾರುತ್ತಾರೆ. ಒಂದೆರಡು ಇರಲಿ, ಅವೇ ತುಂಬಿಕೊಳ್ಳುವುದು ಬೇಡ.

ಬಾಹ್ಯಾಕಾಶದ ಪುಸ್ತಕ ತರುವಾಗ ಮುದ್ರಣದ ವರ್ಷ ನೋಡುವುದು ಕಡ್ಡಾಯ. ಪ್ಲೂಟೊ 2006ರಲ್ಲಿ ಗ್ರಹಗಳ ಸಾಲಿನಿಂದ ಹೊರಬಂತು. ಶನಿಯ ಚಂದ್ರಗಳ ಲೆಕ್ಕ 2025ರ ಮಾರ್ಚ್‌ನಲ್ಲಿ 274ಕ್ಕೆ ಏರಿದೆ. ಕಾರಂತರ ‘ಬಾಲಪ್ರಪಂಚ’ದಂಥ ಹಳೆಯ ಗ್ರಂಥಗಳನ್ನು ನೀವು ಓದಿಕೊಳ್ಳಿ, ಮಗುವಿಗೆ ವಿಜ್ಞಾನ ಹೇಳುವ ಕನ್ನಡ ಹೇಗಿರಬೇಕೆಂದು ಕಿವಿಗೆ ಹತ್ತಲಿ. ಮಕ್ಕಳ ಕೈಗೆ ಹೊಸ ಮಾಹಿತಿಯದು ಕೊಡಿ. ಆ ಹೊಸದರಲ್ಲಿ 2019ರ ಚಂದ್ರಯಾನ-2ರ ಯೋಜನಾ ನಿರ್ದೇಶಕಿ ವನಿತಾ, ಮಿಷನ್ ನಿರ್ದೇಶಕಿ ರಿತು ಕರಿಧಾಲ್ ಎಂಬುದು ಬರಬೇಕು. ಆದರೆ ನನ್ನ ಅನುಭವದಲ್ಲಿ ಹಳ್ಳಿಯ ಮಕ್ಕಳನ್ನು ಬಾಹ್ಯಾಕಾಶಕ್ಕೆ ತಟ್ಟನೆ ಹತ್ತಿರ ತರುವುದು ಚಕ್ಕಡಿ. 1981ರಲ್ಲಿ ಹಾರಿದ ಆ್ಯಪಲ್ ಉಪಗ್ರಹದ ಆಂಟೆನಾ ಪರೀಕ್ಷಿಸಬೇಕಿತ್ತು. ಲೋಹದ ಲಾರಿಯ ಮೇಲಿಟ್ಟರೆ ಲೋಹವೇ ರೇಡಿಯೊ ಅಲೆಗಳಿಗೆ ಅಡ್ಡಿ. ಬೆಂಗಳೂರಿನ ಇಸ್ರೊ ವಿಜ್ಞಾನಿಗಳು ಮರದ ಎತ್ತಿನಗಾಡಿ ತರಿಸಿ, ಉಪಗ್ರಹವನ್ನು ಅದರ ಮೇಲಿಟ್ಟು ಬಯಲಿಗೆ ಒಯ್ದರು. ಆ ಫೋಟೊ ತೋರಿಸಿದಾಗ ಅನೇಕರು ಇದನ್ನು ಬಡತನದ ಕಥೆಯಾಗಿ ಹೇಳುತ್ತಾರೆ. ನೀವು ಹಾಗೆ ಹೇಳಬೇಡಿ. ಅಲ್ಲಿ ಮರದ ಗಾಡಿ ಲಾರಿಗಿಂತ ಒಳ್ಳೆಯ ಉಪಕರಣವಾಗಿತ್ತು.

ನಾಲ್ಕನೇ ತರಗತಿಯ ಆ ಹುಡುಗಿಯ ವಿಷಯ. ಗ್ರಹ, ನೀಹಾರಿಕೆಗಳನ್ನು ಬೆರಳಿಂದ ಓದುವ ಪುಸ್ತಕಗಳಿವೆ. ನೊರೀನ್ ಗ್ರೈಸ್ ಅವರು ಹಬಲ್ ದೂರದರ್ಶಕದ ಚಿತ್ರಗಳನ್ನು ಉಬ್ಬು ಗೆರೆಗಳಲ್ಲಿ, ಬ್ರೈಲ್ ಲಿಪಿಯ ಜೊತೆ 2002ರಲ್ಲೇ ಪ್ರಕಟಿಸಿದರು. ವಾಂಡಾ ಡಯಾಜ್ ಮರ್ಸೆಡ್ ಎಂಬ ಖಗೋಳವಿಜ್ಞಾನಿ ದೃಷ್ಟಿ ಕಳೆದುಕೊಂಡ ಮೇಲೆ ನಕ್ಷತ್ರಗಳ ಅಂಕಿ-ಅಂಶವನ್ನು ದನಿಯಾಗಿ ಬದಲಿಸಿ, ಕಿವಿಯಿಂದ ಸಂಶೋಧನೆ ಮಾಡುತ್ತಾರೆ. ಇದನ್ನು ಇಡೀ ತರಗತಿಗೆ ಹೇಳಿ, ಅವಳಿಗೊಬ್ಬಳಿಗೇ ಅಲ್ಲ. ಆರಿಸುವಾಗ ದಪ್ಪ ಅಕ್ಷರದ, ಚಿತ್ರದ ಮೇಲೆ ಅಕ್ಷರ ಹರಡಿರದ, ಹೊಳಪು ಕಾಗದವಲ್ಲದ ಪುಸ್ತಕಗಳನ್ನು ನೋಡಿ. ಹೊಳಪು ಕಣ್ಣಿಗೆ ಹೊಡೆಯುತ್ತದೆ. ಚಂದ್ರನ ಕುಳಿಗಳ ಪುಸ್ತಕ ಓದುವ ದಿನ, ಜರಡಿ ಹಿಡಿದ ಮಣ್ಣನ್ನು ಬುಟ್ಟಿಗೆ ತುಂಬಿ ಸಪಾಟು ಮಾಡಿ, ಮೇಲಿಂದ ಕಲ್ಲು ಬಿಡಿಸಿ. ಆ ಕುಳಿಯ ಅಂಚಿನ ಮೇಲೆ ಮೊದಲು ಅವಳ ಬೆರಳು ಓಡಾಡಲಿ.

ದುಡ್ಡಿನ ವಿಷಯಕ್ಕೆ ಬಂದರೆ, 6,000ವನ್ನೂ ಕೊಳ್ಳಲಿಕ್ಕೇ ಸುರಿಯಬೇಡಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ವಿಜ್ಞಾನ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಇಳಿಸಿಕೊಂಡು ಅಚ್ಚು ಹಾಕಿಸಬಹುದು, ದೊಡ್ಡ ಅಕ್ಷರದಲ್ಲಿ ಹಾಕಿಸಬಹುದು, ಅನುವಾದವನ್ನೂ ಮಾಡಬಹುದು, ಪರವಾನಗಿಯಲ್ಲೇ ಅದಕ್ಕೆ ಅವಕಾಶವಿದೆ. ಐದನೇ ತರಗತಿಯ ತಾಂಡಾ ಮಕ್ಕಳಿಂದ ಒಂದು ಪುಸ್ತಕವನ್ನು ಲಂಬಾಣಿಗೆ ಹೇಳಿಸಿ, ಕನ್ನಡ ಲಿಪಿಯಲ್ಲಿ ಬರೆಸಿ, ಮೂಲದ ಪಕ್ಕದಲ್ಲೇ ಇಡಿ.

ಮತ್ತು ಒಂದು ಪುಸ್ತಕ ನಿಮ್ಮ ಶಾಲೆಯಲ್ಲೇ ಆಗಲಿ, ಅಕ್ಕೋರೇ. ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಕತ್ತು ಕತ್ತರಿಸಿ ಆ ತುಂಡನ್ನು ತಲೆಕೆಳಗಾಗಿ ಆಲಿಕೆಯ ಹಾಗೆ ಕೂರಿಸಿ, ತಳದ ಉಬ್ಬುತಗ್ಗನ್ನು ಸಣ್ಣ ಕಲ್ಲು ಹಾಕಿ ಸೊನ್ನೆಯ ಗೆರೆವರೆಗೆ ನೀರಿನಿಂದ ತುಂಬಿಸಿದರೆ ಮಳೆಮಾಪಕ ಸಿದ್ಧ. ಹವಾಮಾನ ಇಲಾಖೆ ಮಳೆ ಅಳೆಯುವುದು ಬೆಳಿಗ್ಗೆ 8.30ಕ್ಕೆ, ನೀವೂ ಅದೇ ಹೊತ್ತಿಗೆ ಅಳೆಯಿರಿ. ದಿನಕ್ಕೊಬ್ಬರ ಪಾಳಿ, ದಿನಕ್ಕೊಂದು ಪುಟ: ತಾರೀಖು, ಮಳೆಯ ನಕ್ಷತ್ರ, ಎಷ್ಟು ಮಿ.ಮೀ., ಗಾಳಿ ಯಾವ ಕಡೆಯದು, ಅಳೆದವರ ಹೆಸರು. ಗುಳೆಯಿಂದ ಮರಳಿದ ಮಗು ಅಲ್ಲಿಯ ಮಳೆಯ ಬಗ್ಗೆ ಒಂದು ಪುಟ ಸೇರಿಸಲಿ. ಆಗಸ್ಟ್ 11ರ ಆಸುಪಾಸು ಕೊಪ್ಪಳದಲ್ಲಿ ನಡುಹಗಲು ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬಂದು ನೆಟ್ಟ ಕೋಲಿಗೆ ನೆರಳೇ ಇಲ್ಲದಂತಾಗುತ್ತದೆ. ಮೋಡ ಬಿಟ್ಟುಕೊಟ್ಟರೆ ಆ ದಿನಕ್ಕೆ ಎರಡು ಪುಟ. ಮಳೆಗಾಲ ಮುಗಿದ ಮೇಲೆ ಹೊಲಿದು, ರಟ್ಟು ಹಾಕಿ, ಉಳಿದ ಪುಸ್ತಕಗಳ ಹಾಗೆಯೇ ಸಂಖ್ಯೆ ಕೊಟ್ಟು ಶೆಲ್ಫಿನಲ್ಲಿಡಿ. ಕಣ್ಣು ಮಂದವಿರುವ ಹುಡುಗಿಯ ಪಾಳಿ ಬಂದ ದಿನ ಒಣಗಿದ ಜೋಳದ ದಂಟಿಗೆ ಅರ್ಧ ಸೆಂಟಿಮೀಟರಿಗೊಂದು ಕಚ್ಚು ಹಾಕಿ ಕೊಡಿ, ಮೊದಲ ಕಚ್ಚು ಸೊನ್ನೆಯ ಗೆರೆಯ ಎತ್ತರಕ್ಕೆ ಬರುವ ಹಾಗೆ. ಅದನ್ನು ತಳದವರೆಗೆ ಅದ್ದಿ ತೆಗೆದರೆ ಒದ್ದೆ ಎಲ್ಲಿಗೆ ನಿಂತಿತು ಎನ್ನುವುದು ಅವಳ ಬೆರಳಿಗೆ ಗೊತ್ತಾಗುತ್ತದೆ. ಕಚ್ಚು ಎಣಿಸಿ ಅವಳು ಹೇಳುತ್ತಾಳೆ, ಉಳಿದವರು ಬರೆದುಕೊಳ್ಳುತ್ತಾರೆ.